ದೋನ್ ಕ್ರಿಸಾಂತೊ ಕೇಳಿದ ಮರಣಪೂಜೆ

ಮೂವತ್ತೊಂದು ವರ್ಷ ಇಗರ್ಜಿಯಲ್ಲಿ ಆರ್ಗನ್ ನುಡಿಸಿದ ತೆಲೆಸ್ಫೊರೊ ಬೊಹೋರ್ಕೆಸ್‌ಗೆ ಅವನ ಸಂಗೀತದ ಬಗ್ಗೆ ಗುವಾತಿಬದ ಜನ ಹೇಳಿದ ಮಾತು ಒಟ್ಟು ಒಂದೇ ಒಂದು. ಅದನ್ನು ಹೇಳಿದವಳು ರೊಟ್ಟಿ ಅಂಗಡಿಯ ಹಸಿಂತ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಮೆಟ್ಟಿಲ ಬಳಿ ತಡೆದು ನಿಲ್ಲಿಸಿ, ಸ್ವಲ್ಪ ಮೆತ್ತಗೆ ನುಡಿಸಬಾರದೇ, ಮಗು ಎದ್ದುಬಿಟ್ಟಿತು, ಎಂದಿದ್ದಳು. ಆ ಮಾತನ್ನು ಅವನು ಹದಿನಾಲ್ಕು ವರ್ಷ ಮನಸ್ಸಿನಲ್ಲಿಟ್ಟುಕೊಂಡು ನೊಂದ. ಆದರೆ ಒಬ್ಬರಾದರೂ ಕೇಳಿಸಿಕೊಂಡರಲ್ಲ ಎಂಬ ಸಮಾಧಾನವೂ ಒಳಗೊಳಗೇ ಇತ್ತು.

ಆ ಹುದ್ದೆ ಅವನಿಗೆ ಸಿಕ್ಕಿದ್ದು ಪ್ರತಿಭೆಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನಿಗೆ ಕಲಿಸಿದ ಕುರುಡ ಗುರು ದೋನ್ ಅಬುಂದಿಯೊ ತೀರಿಕೊಂಡಾಗ, ಆ ಹಳೆಯ ಆರ್ಗನ್‌ನಲ್ಲಿ ಯಾವ ಕೀಲಿ ಒತ್ತಿದರೆ ಸದ್ದು ಬರುತ್ತದೆ, ಯಾವುದು ಮೂಕ, ಯಾವುದು ಒಮ್ಮೆ ಶುರುವಾದರೆ ಆಶೀರ್ವಾದದ ತನಕ ನಿಲ್ಲುವುದಿಲ್ಲ ಎಂಬುದು ಗೊತ್ತಿದ್ದವನು ಭೂಮಿಯ ಮೇಲೆ ಇವನೊಬ್ಬನೇ. ಹೊರಗಿನವನನ್ನು ತಂದರೆ ಅವನಿಗೊಂದು ನಕಾಶೆ ಬರೆದುಕೊಡಬೇಕಾಗಿತ್ತು. ಅಷ್ಟು ತೊಂದರೆ ಯಾಕೆಂದು ಅಂದಿನ ಪಾದ್ರಿಗಳು ಮೇಣದ ಬತ್ತಿ ಮಾಡುವವನ ಮಗ ತೆಲೆಸ್ಫೊರೊನನ್ನೇ ಕೂರಿಸಿದರು.

ಕೂತವನು ಸುಮ್ಮನೆ ಕೂರಲಿಲ್ಲ. ಸಂಗೀತ ರಚಿಸತೊಡಗಿದ. ಈಸ್ಟರಿಗೆ ಒಂದು, ಕ್ರಿಸ್‌ಮಸ್ಸಿಗೆ ಒಂದು, ಊರಿನ ಸಂತನ ಹಬ್ಬಕ್ಕೆ ಎರಡು, ಮದುವೆಗಳಿಗೆ ಲೆಕ್ಕವಿಲ್ಲ. ಯಾರೂ ಗಮನಿಸಲಿಲ್ಲ. ಊರಿನವರ ಪಾಲಿಗೆ ಆರ್ಗನ್ನಿನ ಸದ್ದು ಧೂಪದ ಹೊಗೆಯಿದ್ದ ಹಾಗೆ. ಮೂಗಿಗೆ ಬಡಿಯುತ್ತದೆ, ಯಾರು ಮಾಡಿದ್ದೆಂದು ಯಾರೂ ಕೇಳುವುದಿಲ್ಲ. ಆರ್ಗನ್ನಿಗೆ ತಿದಿ ಒತ್ತುತ್ತಿದ್ದವಳು ಅವನ ಹೆಂಡತಿ ಓತಿಲಿಯ. ಸಂತೆಯಲ್ಲಿ ಆಲೂಗಡ್ಡೆ ಮೂಟೆ ಎತ್ತಿ ಗಟ್ಟಿಯಾದ ತೋಳಿನವಳು. ಬೆರಳು ಅವರದಾದರೂ ಗಾಳಿ ನನ್ನದು, ಗಾಳಿಯಿಲ್ಲದೆ ಬೆರಳು ಏನು ಮಾಡುತ್ತದೆ, ಎನ್ನುವುದು ಅವಳ ವಾದ. ಅದಕ್ಕೆ ಸಂಗೀತಶಾಸ್ತ್ರದಲ್ಲಿ ಉತ್ತರವಿಲ್ಲ.

ತೆಲೆಸ್ಫೊರೊನಿಗೆ ಒಂದೇ ಆಸೆ. ತನ್ನ ಹೆಸರಿನ ಹಿಂದೆ 'ಮಾಯೆಸ್ತ್ರೊ', ಅಂದರೆ ಸಂಗೀತದ ಗುರು, ಎಂದು ಸೇರಿಸಿ ಎಲ್ಲಾದರೂ ಒಂದು ಕಡೆ ಅಚ್ಚಾಗಬೇಕು. ಇದನ್ನು ಕುರಿತು ಅವನು ವರ್ಷಗಟ್ಟಲೆ ಯೋಚಿಸಿ ಒಂದು ಸಿದ್ಧಾಂತ ಕಟ್ಟಿದ್ದ. ಮದುವೆಯಲ್ಲಿ ಜನ ಹುಡುಗಿಯ ಬಟ್ಟೆ ನೋಡುತ್ತಾರೆ. ಹಬ್ಬದಲ್ಲಿ ಮನೆಯಲ್ಲಿ ಬೇಯುತ್ತಿರುವ ಹಂದಿಮಾಂಸ ನೆನೆಯುತ್ತಾರೆ. ನೋಡುವುದಕ್ಕಾಗಲೀ ನೆನೆಯುವುದಕ್ಕಾಗಲೀ ಬೇರೇನೂ ಇಲ್ಲದೆ ಎರಡು ಗಂಟೆ ಸುಮ್ಮನೆ ಕೂತು ಸಂಗೀತ ಕೇಳಲೇಬೇಕಾದ ಸಂದರ್ಭ ಮನುಷ್ಯರಿಗೆ ಬರುವುದು ಒಬ್ಬ ದೊಡ್ಡ ಮನುಷ್ಯ ಸತ್ತಾಗ ಮಾತ್ರ. ಕಷ್ಟವೆಂದರೆ ಗುವಾತಿಬದಲ್ಲಿ ಸಾಯುವವರೆಲ್ಲ ಸಣ್ಣವರು. ಹೇಸರಗತ್ತೆ ಹೊಡೆಯುವವರು, ಬುಟ್ಟಿ ಹೆಣೆಯುವವರು. ಅವರಿಗೆ ಎರಡು ಬತ್ತಿ, ಹದಿನೈದು ನಿಮಿಷ. ದೊಡ್ಡ ಮನುಷ್ಯರೆಂದು ಇದ್ದವರು ಒಬ್ಬರೇ, ದೋನ್ ಕ್ರಿಸಾಂತೊ ಒತಾಲೊರ. ಎಪ್ಪತ್ತೊಂಬತ್ತು ವರ್ಷದ ವಿಧುರರು. ಊರಿನ ಅರ್ಧ ಜಮೀನು, ಹಿಟ್ಟಿನ ಗಿರಣಿ ಮತ್ತು ಇಗರ್ಜಿಯ ಮೊದಲ ಬೆಂಚು ಅವರದು.

ಜುಲೈ ತಿಂಗಳ ಒಂದು ಭಾನುವಾರ ಆ ಮೊದಲ ಬೆಂಚು ಖಾಲಿಯಿತ್ತು.

ಆರ್ಗನ್ನಿನ ಮೇಲೆ ಮೊಳೆ ಹೊಡೆದು ಸಿಕ್ಕಿಸಿದ್ದ ಕನ್ನಡಿಯಲ್ಲಿ ತೆಲೆಸ್ಫೊರೊ ಅದನ್ನು ನೋಡಿದ. ಮೂವತ್ತೊಂದು ವರ್ಷದಲ್ಲಿ ಆ ಬೆಂಚು ಖಾಲಿಯಾದದ್ದನ್ನು ಅವನು ಕಂಡಿರಲಿಲ್ಲ. ಹೋದ ವಾರ ಪ್ರಸಂಗದ ಹೊತ್ತಿಗೆ ದೋನ್ ಕ್ರಿಸಾಂತೊ ಮೂರು ಸಲ ಕೆಮ್ಮಿದ್ದು ನೆನಪಾಯಿತು. ಮೂರು ಕೆಮ್ಮು, ಒಂದು ಖಾಲಿ ಬೆಂಚು. ಕೂಡಿಸಿದರೆ ಏನಾಗುತ್ತದೆಂದು ತಿಳಿಯಲು ಪಂಡಿತನಾಗಬೇಕಿಲ್ಲ. ಅಂದಿನ ಪೂಜೆಯ ಕೊನೆಯ ಸಂಗೀತವನ್ನು ಅವನು ಎಷ್ಟು ಲವಲವಿಕೆಯಿಂದ ನುಡಿಸಿದನೆಂದರೆ, ತಿದಿ ಒತ್ತುತ್ತಿದ್ದ ಓತಿಲಿಯ, ಯಾರ ಮದುವೆ ಇವತ್ತು, ಎಂದು ಕೇಳಿದಳು.

ನಿಜ ಏನೆಂದರೆ, ದೋನ್ ಕ್ರಿಸಾಂತೊಗೆ ಮಂಡಿ ನೋವು. ಶನಿವಾರದ ಬಸ್ಸು ಹತ್ತಿ, ಮೂರು ಗಂಟೆ ಪ್ರಯಾಣದ ಆಚೆ ಇರುವ ಬಿಸಿನೀರಿನ ಬುಗ್ಗೆಗೆ ಕಾಲು ನೆನೆಸಲು ಹೋಗಿದ್ದರು. ವಿಷಯ ಗೊತ್ತಿದ್ದದ್ದು ಅಡಿಗೆಯ ಕುಸ್ತೋದಿಯಳಿಗೆ ಮಾತ್ರ. ಗೊತ್ತಾದರೆ ನೋಡಿಕೊಳ್ಳುತ್ತೇನೆಂದು ತುಂಹ ನಗರದಿಂದ ತಂಗಿಯ ಮಗಳು ಎದುವಿಹಿಸ್ ಬಂದು ವಕ್ಕರಿಸುತ್ತಾಳೆ, ಆದ್ದರಿಂದ ಬಾಯಿ ಬಿಡಕೂಡದು, ಎಂದು ಅವಳಿಂದ ಮಾತೆಯ ಪಟದ ಮುಂದೆ ಆಣೆ ಮಾಡಿಸಿಕೊಂಡಿದ್ದರು.

ತೆಲೆಸ್ಫೊರೊ ಮರಣಪೂಜೆಯ ಸಂಗೀತಕ್ಕೆ ಕೈಹಾಕಿದ. ದೊಡ್ಡ ಕೃತಿಗಳನ್ನು ಮೊದಲ ಪುಟದಿಂದ ಶುರು ಮಾಡಬೇಕಷ್ಟೆ. ಒಂದು ವಾರ ಪೂರ್ತಿ ಅವನು ಮೊದಲ ಪುಟವನ್ನೇ ಬರೆದ. ಬಳ್ಳಿ, ಹೂವು, ಎರಡು ದೇವದೂತರು, ನಡುವೆ ಸುರುಳಿ ಅಕ್ಷರಗಳಲ್ಲಿ: 'ದಿವಂಗತ ದೋನ್ ಕ್ರಿಸಾಂತೊ ಒತಾಲೊರ ಅವರ ಆತ್ಮಶಾಂತಿಗಾಗಿ ಮರಣಪೂಜೆ. ಸಂಗೀತ ರಚನೆ: ಮಾಯೆಸ್ತ್ರೊ ತೆಲೆಸ್ಫೊರೊ ಬೊಹೋರ್ಕೆಸ್.' ಒಳಗಿನ ಪುಟಗಳಲ್ಲಿ ಇನ್ನೂ ಒಂದು ಸ್ವರವೂ ಇರಲಿಲ್ಲ. ಮುಂದಿನ ಭಾನುವಾರವೂ ಬೆಂಚು ಖಾಲಿ. ಅವನಿಗೆ ತಡೆಯಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಆ ಪುಟ ಹಿಡಿದುಕೊಂಡು ಊರಿನ ಏಕೈಕ ಮುದ್ರಕ ದೋನ್ ಅರಿಸ್ತೊಬುಲೊನ ಅಂಗಡಿಗೆ ಹೋದ.

ಅರಿಸ್ತೊಬುಲೊ ಅಚ್ಚು ಹಾಕುತ್ತಿದ್ದದ್ದು ಮೂರು ಬಗೆ. ಮದುವೆ ಕಾಗದ, ಶರಬತ್ತಿನ ಬಾಟಲಿಯ ಚೀಟಿ, ಸತ್ತವರ ಸುದ್ದಿಯನ್ನು ಗೋಡೆಗೆ ಅಂಟಿಸುವ ಕರಿ ಅಂಚಿನ ಹಾಳೆ. ಅವನು ಪುಟವನ್ನು ಓದಿದ. ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಯಾವಾಗ?" ಎಂದು ಕೇಳಿದ.

ಕೃತಿ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿದ್ದಾನೆಂದು ತೆಲೆಸ್ಫೊರೊ ತಿಳಿದ. "ಇನ್ನೂ ಆಗಿಲ್ಲ. ಗುರುವಾರದೊಳಗೆ ಮುಗಿಯುತ್ತೆ ಅಂದ್ಕೊಂಡಿದೀನಿ."

"ಬಹಳ ಕಷ್ಟಾನಾ?"

"ಕೊನೇದು ಯಾವಾಗಲೂ ಕಷ್ಟಾನೇ. ಮಧ್ಯದಲ್ಲೇ ಉಸಿರು ನಿಂತುಹೋಗುತ್ತೆ. ಓತಿಲಿಯ ಎಷ್ಟು ಒತ್ತಿದ್ರೂ ಗಾಳಿ ಸಾಲಲ್ಲ."

"ಓತಿಲಿಯಮ್ಮನೇ ಒತ್ತುತಿದ್ದಾರಾ?" ಅರಿಸ್ತೊಬುಲೊನ ಕಣ್ಣು ಒದ್ದೆಯಾಯಿತು. "ಪುಣ್ಯಾತ್ಗಿತ್ತಿ. ಪಾದ್ರಿಗಳಿಗೆ ಗೊತ್ತಾ?"

"ಅವರಿಗೆ ಈಗಲೇ ಬೇಡ. ಎಲ್ಲಾ ಮುಗಿದ ಮೇಲೆ ಹೇಳಿದರಾಯ್ತು."

ಅಚ್ಚಿನಲ್ಲಿ ಹೇಗೆ ಕಾಣುತ್ತದೆಂದು ನೋಡಬೇಕು, ಒಂದೇ ಒಂದು ಪ್ರತಿ ಸಾಕು, ಎಂದು ಕೇಳಿ, ಅದನ್ನು ಪಡೆದು, ಮಡಚದೆ ಎದೆಯ ಮುಂದೆ ಹಿಡಿದುಕೊಂಡು ತೆಲೆಸ್ಫೊರೊ ಮನೆಗೆ ನಡೆದ. ಅರಿಸ್ತೊಬುಲೊ ಮಾತ್ರ ಯೋಚಿಸುತ್ತ ನಿಂತ. ಗುರುವಾರದೊಳಗೆ ಮುಗಿಯುತ್ತದೆ ಎಂದರೆ ಶಾಯಿ ಒಣಗುವಷ್ಟರಲ್ಲಿ ಮುಗಿದಂತೆಯೇ. ಈ ಕೆಲಸ ಪಕ್ಕದ ಊರಿನ ಮುದ್ರಕನ ಪಾಲಾದರೆ ಕರಿ ಅಂಚು ಕೊಂಡಿಟ್ಟು ಏನು ಪ್ರಯೋಜನ? ಅಕ್ಷರ ಹೇಗೂ ಜೋಡಿಸಿಯಾಗಿತ್ತು. ಮೇಲೆ ಎರಡು ಸಾಲು ಸೇರಿಸಿದ. ಮಂಗಳವಾರ ಬೆಳಿಗ್ಗೆ ಊರಿನ ಗೋಡೆಗಳ ಮೇಲೆಲ್ಲ, ಪುರಸಭೆ, ಔಷಧದ ಅಂಗಡಿ, ಹೆಂಡದಂಗಡಿ ಯಾವುದನ್ನೂ ಬಿಡದೆ, ದೋನ್ ಕ್ರಿಸಾಂತೊ ಒತಾಲೊರ ಪ್ರಭುವಿನ ಪಾದ ಸೇರಿದರೆಂದೂ, ಗುರುವಾರ ಹತ್ತು ಗಂಟೆಗೆ ಮರಣಪೂಜೆಯೆಂದೂ, ಸಂಗೀತ ಮಾಯೆಸ್ತ್ರೊ ಬೊಹೋರ್ಕೆಸ್ ಅವರದೆಂದೂ ಎದ್ದು ಕಾಣುತ್ತಿತ್ತು.

ತೆಲೆಸ್ಫೊರೊ ಹಾಲು ತರಲು ಹೋದವನು ಅದನ್ನು ಓದಿ, ಗೋಡೆಗೆ ಒರಗಿ ಅತ್ತ. ಅದು ನಾಟಕವಲ್ಲ, ನಿಜವಾದ ಅಳು. ಒಂದು ವಾರದಿಂದ ತಾನು ಅಂದುಕೊಂಡದ್ದು ಸರಿಯಾಯಿತಲ್ಲ ಎಂಬ ದುಃಖ ಬೇರೆ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಯಾರು ಹೇಳಿದ್ರು?" ಎಂದು ಕೇಳಿದಳು.

"ಗೋಡೆ ಮೇಲೆ ಅಚ್ಚಾಗಿದೆ."

"ಅಚ್ಚು ಹಾಕಿದವನಿಗೆ ಯಾರು ಹೇಳಿದ್ರು?"

"ಅಚ್ಚು ಹಾಕೋರಿಗೆ ಗೊತ್ತಿಲ್ದೆ ಹಾಕ್ತಾರಾ? ನೀನೊಬ್ಬಳು."

ಓತಿಲಿಯ ಚಾಕು ಕೆಳಗಿಟ್ಟು, ನಿನ್ನೆ ಅಲ್ಲಿಗೆ ಹೋದವರು ನೀವಲ್ವಾ, ಎಂದಳು. ಅವನಿಗೆ ಕೇಳಿಸಲಿಲ್ಲ. ಗುರುವಾರಕ್ಕೆ ಎರಡೇ ದಿನ ಉಳಿದಿರುವುದೂ, ಕೈಯಲ್ಲಿ ಮೊದಲ ಪುಟ ಬಿಟ್ಟು ಏನೂ ಇಲ್ಲದಿರುವುದೂ ಆಗಷ್ಟೆ ಅವನಿಗೆ ಹೊಳೆದಿತ್ತು.

ಊರು ಇನ್ನೊಂದು ಕಡೆ ತನ್ನ ಕೆಲಸ ಮಾಡತೊಡಗಿತ್ತು. ಪಾದ್ರಿ ನೆಪೊಮುಸೆನೊ ಗೋಡೆಯ ಹಾಳೆ ನೋಡಿ ಕೆಂಪಾದರು. ಸಾಯುವವರ ಹಣೆಗೆ ಕೊನೆಯ ಎಣ್ಣೆ ಹಚ್ಚಲು ತಮ್ಮನ್ನು ಕರೆಯದೆ ಮುದ್ರಕನನ್ನು ಕರೆದಿದ್ದಾರೆಂದರೆ ಏನರ್ಥ? ಆದರೆ ಯಾರನ್ನಾದರೂ ವಿಚಾರಿಸಿದರೆ ತಮಗೆ ಗೊತ್ತಿರಲಿಲ್ಲವೆಂದು ಊರಿಗೆ ಗೊತ್ತಾಗುತ್ತದೆ. ಆದ್ದರಿಂದ ಗೊತ್ತಿದ್ದವರಂತೆ ಸಾವಿನ ಗಂಟೆ ಬಾರಿಸಲು ಹೇಳಿದರು. ಗಂಟೆ ಕೇಳಿ ಮೇಯರ್ ದೋನ್ ಲಿಸಾಂದ್ರೊ ಪುರಸಭೆಗೆ ರಜೆ ಕೊಟ್ಟು, ಕದ ಹಾಕಿಕೊಂಡು ಭಾಷಣ ಬರೆಯಲು ಕೂತರು. ಅವರು ಕೆಂಪು ಪಕ್ಷ, ದೋನ್ ಕ್ರಿಸಾಂತೊ ನೀಲಿ ಪಕ್ಷ. ಇಪ್ಪತ್ತು ವರ್ಷದಿಂದ ಒಬ್ಬರ ನೆರಳು ಇನ್ನೊಬ್ಬರಿಗೆ ಆಗದು. ಆದರೆ ಬದುಕಿರುವ ವಿರೋಧಿಯನ್ನು ಹೊಗಳುವುದು ಪಕ್ಷದ್ರೋಹವಾದರೆ, ಸತ್ತವನನ್ನು ಹೊಗಳುವುದು ಸಂಸ್ಕೃತಿ. ಮೇಯರ್ ಸುಸಂಸ್ಕೃತರು.

ಊರಿನಿಂದ ಹೋದ ತಂತಿ ತಲುಪಿ ಮಧ್ಯಾಹ್ನದ ಹೊತ್ತಿಗೆ ದೋನ್ ಕ್ರಿಸಾಂತೊ ಅವರ ತಮ್ಮನ ಮಗ ಹೆರ್ಮೊಹೆನೆಸ್, ತಂಗಿಯ ಮಗಳು ಎದುವಿಹಿಸ್ ಇಬ್ಬರೂ ಕಪ್ಪು ಬಟ್ಟೆಯಲ್ಲಿ ಬಂದಿಳಿದರು. ಆ ಬಟ್ಟೆಗಳು ಎಷ್ಟು ಸರಿಯಾಗಿ ಇಸ್ತ್ರಿಯಾಗಿದ್ದವೆಂದರೆ ಅವು ವರ್ಷಗಳಿಂದ ಸಿದ್ಧವಾಗಿಯೇ ಇದ್ದಿರಬೇಕು. ಮನೆಗೆ ಹೋಗಿ ಅಡಿಗೆಯ ಕುಸ್ತೋದಿಯಳನ್ನು ಹಿಡಿದರು. ಅವಳಿಗೆ ಓದು ಬಾರದು, ಕಿವಿ ಮಂದ, ಗಂಟೆಯೂ ಕೇಳಿಸಿರಲಿಲ್ಲ. ಮಾವ ಎಲ್ಲಿ ಎಂದು ಎದುವಿಹಿಸ್ ಕೇಳಿದಳು.

"ಅವರು ಹೋದ್ರು," ಎಂದಳು ಕುಸ್ತೋದಿಯ, ಆಣೆಯನ್ನು ನೆನೆದು ಬಾಯಿ ಬಿಗಿಹಿಡಿದು.

"ನೆಮ್ಮದಿಯಿಂದ ಹೋದ್ರಾ?"

"ತುಂಬಾ ನೆಮ್ಮದಿಯಿಂದ. ಟವೆಲು ತಗೊಂಡು ಹೋದ್ರು."

ಎದುವಿಹಿಸ್ ಹೋ ಎಂದು ಅಳತೊಡಗಿದಳು. ಅವಳ ಅಳು ಕಂಡು, ಬುಗ್ಗೆಯಿಂದಲೇ ಕೆಟ್ಟ ಸುದ್ದಿ ಬಂದಿರಬೇಕೆಂದು ಕುಸ್ತೋದಿಯಳಿಗೂ ಗಾಬರಿಯಾಗಿ, ನನ್ನ ಧಣಿ, ಆ ಬಿಸಿನೀರೇ ಅವರನ್ನು ತಿಂದುಹಾಕಿತು, ಎಂದು ಎದೆ ಬಡಿದುಕೊಂಡಳು. ಹೀಗೆ ಸತ್ತ ಜಾಗವೂ ಪತ್ತೆಯಾಯಿತು. ಹೆರ್ಮೊಹೆನೆಸ್ ವ್ಯವಹಾರ ಬಲ್ಲವನು. ಆ ಸೆಕೆಯ ಜಾಗದಲ್ಲಿ ಹೆಣ ಇಡುವಂತಿಲ್ಲ, ಇಷ್ಟು ಹೊತ್ತಿಗೆ ಅಲ್ಲೇ ಮಣ್ಣು ಮಾಡಿರುತ್ತಾರೆ, ಈಗ ಅಗೆದು ತೆಗೆದು ಲಾರಿಯಲ್ಲಿ ಕುಲುಕಿಸಿಕೊಂಡು ತರುವುದು ದೊಡ್ಡಪ್ಪನಿಗೇ ಅವಮಾನ, ಎಂದು ತೀರ್ಮಾನಿಸಿದ. ಖಾಲಿ ಶವಪೆಟ್ಟಿಗೆಗೆ ಕರಿಬಟ್ಟೆ ಹೊದಿಸಿ ಪೂಜೆ ಮಾಡಿದರೆ ಸ್ವರ್ಗದಲ್ಲಿ ಅದಕ್ಕೂ ಅಷ್ಟೇ ಬೆಲೆ ಎಂದು ಪಾದ್ರಿಗಳೂ ಒಪ್ಪಿದರು. ಆಮೇಲೆ ಹೆರ್ಮೊಹೆನೆಸ್ ಒಬ್ಬನೇ ಮನೆಯ ಕಿಟಕಿಗಳ ಅಗಲವನ್ನು ಕೈಯಿಂದ ಅಳೆಯುತ್ತಿದ್ದುದನ್ನು ಪಕ್ಕದ ಮನೆಯವರು ನೋಡಿದರು. ಪರದೆ ಬದಲಿಸುವುದಕ್ಕಿರಬೇಕು. ಶೋಕದಲ್ಲಿ ಮನುಷ್ಯ ಏನೇನೋ ಮಾಡುತ್ತಾನೆ.

ಇತ್ತ ತೆಲೆಸ್ಫೊರೊ ಎರಡು ದಿನದಲ್ಲಿ ಮರಣಪೂಜೆ ಮುಗಿಸಬೇಕಿತ್ತು. ಹೊಸದಾಗಿ ರಚಿಸಲು ಹೊತ್ತಿಲ್ಲ. ತನ್ನ ಹಳೆಯ ರಚನೆಗಳ ಪೆಟ್ಟಿಗೆ ತೆರೆದ. ಮದುವೆಯ ಮೆರವಣಿಗೆಯ ಸಂಗೀತವನ್ನು ಅರ್ಧ ವೇಗಕ್ಕೆ ಇಳಿಸಿದರೆ ಪೂಜೆಯ ಮೊದಲ ಭಾಗವಾದ ಕರುಣಾಯಾಚನೆ ಆಗುತ್ತದೆಂದು ಗೊತ್ತಾಯಿತು. ಕ್ರಿಸ್‌ಮಸ್ಸಿನ ಕುರುಬರ ಹಾಡನ್ನು ಕೋಮಲ ಸ್ವರಗಳಿಗೆ ತಿರುಗಿಸಿದರೆ ಅಂತ್ಯದಿನದ ಭೀತಿ. ಹಬ್ಬದ ಪಟಾಕಿಯ ಹೊತ್ತಿಗೆಂದು ಬರೆದದ್ದನ್ನು ಹಾಗೇ ಇಟ್ಟುಕೊಂಡ. ಯಮಲೋಕದ ಬಾಗಿಲು ತೆರೆಯುವಾಗ ಸ್ವಲ್ಪ ಸದ್ದು ಬೇಕು. ಆದರೆ ಕೊನೆಯದೊಂದು ಭಾಗ, ಆತ್ಮಕ್ಕೆ ನಿತ್ಯಶಾಂತಿ ಕೋರುವ ಭಾಗ, ಯಾವ ಹಳೆಯ ಬಟ್ಟೆಯಿಂದಲೂ ಹೊಲಿಯಲಾಗಲಿಲ್ಲ. ಅದನ್ನು ಬುಧವಾರ ಮಧ್ಯಾಹ್ನ ಅಡಿಗೆಮನೆಯ ಮೇಜಿನ ಮೇಲೆ ಅವನು ಹೊಸದಾಗಿ ಬರೆದ. ಬರೆಯುವಾಗ ದೋನ್ ಕ್ರಿಸಾಂತೊ ನೆನಪಾಗಲಿಲ್ಲ. ಹದಿನೈದು ನಿಮಿಷದ ಪೂಜೆಯಲ್ಲಿ ಮಣ್ಣಾದ ತನ್ನ ಅಪ್ಪ ನೆನಪಾದ. ಓತಿಲಿಯ ಮೂಟೆ ಇಳಿಸಿ ಬಂದವಳು, ಅವನು ಗುನುಗುತ್ತಿದ್ದುದನ್ನು ಕೇಳಿ, ಇದಕ್ಕೆ ಮಾತ್ರ ಗಾಳಿ ಹಾಳುಮಾಡಿದ ಹಾಗಾಗಲ್ಲ, ಎಂದಳು. ಅವಳ ಬಾಯಲ್ಲಿ ಅದು ಬಿರುದು.

ಗುರುವಾರ ಇಗರ್ಜಿ ತುಂಬಿ ಜನ ಚೌಕದ ತನಕ ನಿಂತರು. ಮೇಯರ್ ನಲವತ್ತು ನಿಮಿಷ ಮಾತಾಡಿದರು. ಊರಿನ ನೀರಿನ ತೊಟ್ಟಿ ಕಟ್ಟಿಸಿದ ದಾನಿ ಎಂದರು. ಆ ತೊಟ್ಟಿ ಬೇಡವೆಂದು ಕೋರ್ಟಿಗೆ ಹೋದವರು ದೋನ್ ಕ್ರಿಸಾಂತೊ. ಬಡವರ ತಂದೆ ಎಂದರು. ಬಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸಂಗೀತ ಶುರುವಾಯಿತು. ಕರುಣಾಯಾಚನೆ ಕೇಳುತ್ತಿದ್ದಂತೆ ಎದುವಿಹಿಸ್ ಬಿಕ್ಕಿಬಿಕ್ಕಿ ಅಳತೊಡಗಿದಳು. ಮಾವನ ಮೇಲೆ ಎಂಥ ಪ್ರೀತಿ ಎಂದು ಹೆಂಗಸರು ಮೆಚ್ಚಿದರು. ಅದು ಅವಳ ಮದುವೆಯ ಸಂಗೀತವೆಂದು ಅವಳಿಗೊಬ್ಬಳಿಗೇ ಗೊತ್ತಾಗಿತ್ತು, ಗಂಡ ನೆನಪಾಗಿದ್ದ.

ಆ ಹೊತ್ತಿಗೆ ಸರಿಯಾಗಿ ಬಸ್ಸು ಬಂತು. ದೋನ್ ಕ್ರಿಸಾಂತೊ ಇಳಿದರು. ಹನ್ನೆರಡು ದಿನ ಬಿಸಿನೀರಿನಲ್ಲಿ ಬೆಂದು ಕೆಂಪಗೆ ಹೊಳೆಯುತ್ತಿದ್ದರು, ಮಂಡಿ ಸಲೀಸಾಗಿ ಮಡಚುತ್ತಿತ್ತು, ಹೆಗಲ ಮೇಲೆ ಟವೆಲಿತ್ತು. ಅಂಗಡಿಗಳೆಲ್ಲ ಮುಚ್ಚಿರುವುದು ಕಂಡು, ಚೌಕದಲ್ಲಿ ಕೋಳಿ ಮಾರಲು ಬಂದಿದ್ದ ಪರ ಊರಿನ ಮುದುಕಿಯನ್ನು ಯಾರು ಸತ್ತರೆಂದು ಕೇಳಿದರು. ಯಾರೋ ಸಾಹುಕಾರನಂತೆ, ಜಿಪುಣನಂತೆ, ಊರೆಲ್ಲ ಖುಷಿಯಲ್ಲಿದೆ, ಎಂದಳು ಅವಳು. ಯಾರಿರಬಹುದೆಂದು ಅವರಿಗೆ ಕುತೂಹಲವಾಯಿತು. ಒಳಗೆ ಹೋದರು. ಮುಂದಿನ ಬೆಂಚಿಗೆ ಹೋಗಲು ಜಾಗವಿಲ್ಲದೆ, ಬದುಕಿನಲ್ಲಿ ಮೊದಲ ಸಲ ಕೊನೆಯ ಬೆಂಚಿನಲ್ಲಿ ಕೂತರು. ಬಾಗಿಲ ಹಿಂದೆಯೇ ಅಂಟಿಸಿದ್ದ ಹಾಳೆಯಲ್ಲಿ ತಮ್ಮ ಹೆಸರನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದರು. ಆಮೇಲೆ ಕೈಕಟ್ಟಿ ಕೇಳತೊಡಗಿದರು.

ಆರ್ಗನ್ ಇದ್ದ ಅಟ್ಟದ ಮೇಲಿಂದ ಅವರನ್ನು ಮೊದಲು ಕಂಡವಳು ಓತಿಲಿಯ. ಅವಳ ಕೈ ತಿದಿಯ ಹಿಡಿಯನ್ನು ಬಿಟ್ಟಿತು. ಆರ್ಗನ್, ಕೊರಳು ಹಿಸುಕಿದ ಹಸುವಿನಂತೆ ಒಂದು ದೀರ್ಘ ನರಳಾಟ ಹೊರಡಿಸಿ ನಿಂತುಹೋಯಿತು.

"ಒತ್ತು, ಒತ್ತು," ಎಂದ ತೆಲೆಸ್ಫೊರೊ ಹಲ್ಲು ಕಚ್ಚಿ.

"ಒತ್ತೋದಕ್ಕೆ ಅಡ್ಡಿಯಿಲ್ಲ. ಆದ್ರೆ ಸತ್ತವರು ಬಂದು ಹಿಂದಿನ ಬೆಂಚಲ್ಲಿ ಕೂತಿದ್ದಾರೆ."

ತೆಲೆಸ್ಫೊರೊ ಕನ್ನಡಿ ನೋಡಿದ. ಇಡೀ ಇಗರ್ಜಿ ಹಿಂತಿರುಗಿ ನೋಡಿತು. ಹೆರ್ಮೊಹೆನೆಸ್ ಸದ್ದಿಲ್ಲದೆ ಬೆಂಚಿನಿಂದ ಕೆಳಗೆ ಜಾರಿದ. ಅವನನ್ನು ಎತ್ತಬೇಕೆಂದು ಯಾರಿಗೂ ತೋಚಲಿಲ್ಲ. ಹಾಡುವ ಮೂವರು ಮುದುಕಿಯರು ಬಾಯಿ ತೆರೆದಲ್ಲೇ ಶಿಲುಬೆಯ ಗುರುತು ಹಾಕಿಕೊಂಡರು. ಮೇಯರ್ ತಮ್ಮ ಭಾಷಣದ ಹಾಳೆಗಳನ್ನು ಮೆಲ್ಲಗೆ ಮಡಚಿ ಒಳಜೇಬಿಗೆ ಸೇರಿಸಿದರು, ಹೊಗಳಿಕೆಯನ್ನು ಹಿಂದಕ್ಕೆ ಪಡೆಯುವುದು ಹೇಗೆಂದು ಅವರ ಪಕ್ಷದ ನಿಯಮಾವಳಿಯಲ್ಲಿ ಇರಲಿಲ್ಲ. ಪಾದ್ರಿ ನೆಪೊಮುಸೆನೊ ಪೀಠದ ಬಳಿ ಕೈ ಮೇಲೆತ್ತಿದವರು ಹಾಗೇ ನಿಂತರು. ಸತ್ತವನೇ ಹಾಜರಿರುವ ಮರಣಪೂಜೆಯನ್ನು ಮುಂದುವರಿಸುವುದು ಪಾಪವೋ, ಅರ್ಧಕ್ಕೆ ನಿಲ್ಲಿಸುವುದು ಪಾಪವೋ, ಸೆಮಿನರಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ದೋನ್ ಕ್ರಿಸಾಂತೊ ಎದ್ದು ನಿಂತರು. "ಯಾಕೆ ನಿಲ್ಲಿಸಿದ್ರಿ ಪಾದ್ರಿಗಳೇ? ನನ್ನದೇ ತಾನೇ ಇದು? ಬಂದಿದೀನಿ, ಪೂರ್ತಿ ಕೇಳಿಕೊಂಡೇ ಹೋಗ್ತೀನಿ."

ಹಾಗೆ ಹೇಳಿ ನಡುವಿನ ದಾರಿಯಲ್ಲಿ ನಡೆದು ಬಂದು, ತಮ್ಮ ಪೆಟ್ಟಿಗೆಯನ್ನು ಸುತ್ತುಹಾಕಿ, ಮೊದಲ ಬೆಂಚಿನ ಬುಡದಲ್ಲಿ ಬಿದ್ದಿದ್ದ ಹೆರ್ಮೊಹೆನೆಸ್‌ನನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಕೂತರು. ಈ ಹೊತ್ತಿಗೆ ಎಲ್ಲರೂ ತನ್ನನ್ನೇ ಕೇಳುತ್ತಿದ್ದಾರೆ ಎಂಬುದು ತೆಲೆಸ್ಫೊರೊನಿಗೆ ಅರ್ಥವಾಯಿತು. ಮೂವತ್ತೊಂದು ವರ್ಷ ಬೇಡಿಕೊಂಡದ್ದು ಸಿಕ್ಕಾಗ ಓಡಿಹೋಗೋಣವೆನಿಸಿತು. ಓಡಲು ಇದ್ದ ಏಣಿಯ ಬಾಯಲ್ಲಿ ಓತಿಲಿಯ ಕೂತಿದ್ದಳು. ನುಡಿಸಿದ. ಮೂಕ ಕೀಲಿಗಳನ್ನು ದಾಟಿ, ನಿಲ್ಲದ ಕೀಲಿಯನ್ನು ತಪ್ಪಿಸಿ, ಕೊನೆಯ ಭಾಗದ ತನಕ ನುಡಿಸಿದ. ಅದು ಮುಗಿದಾಗ ಯಾರೂ ಕೆಮ್ಮಲಿಲ್ಲ.

ಮಧ್ಯಾಹ್ನ ಪಾದ್ರಿಗಳ ಮನೆಯಲ್ಲಿ ವಿಚಾರಣೆ ನಡೆಯಿತು. ಗಿಣ್ಣಿನ ತುಂಡು ಮುಳುಗಿಸಿದ ಬಿಸಿ ಚಾಕೊಲೇಟಿನ ಬಟ್ಟಲು ಎಲ್ಲರ ಮುಂದೆ ಇತ್ತು, ತೆಲೆಸ್ಫೊರೊನ ಮುಂದೆ ಇರಲಿಲ್ಲ. ಗಂಟೆ ಕೇಳಿ ನಂಬಿದೆ ಎಂದರು ಮೇಯರ್. ಗೋಡೆ ನೋಡಿ ಗಂಟೆ ಬಾರಿಸಿದೆ ಎಂದರು ಪಾದ್ರಿ. ಅಡಿಗೆಯವಳು ಒಪ್ಪಿಕೊಂಡಳು ಎಂದ ಹೆರ್ಮೊಹೆನೆಸ್. ನೀವು ಅತ್ತದ್ದಕ್ಕೆ ನಾನು ಅತ್ತೆ ಎಂದಳು ಕುಸ್ತೋದಿಯ. ಮಾಯೆಸ್ತ್ರೊ ಬಂದು, ಗುರುವಾರದೊಳಗೆ ಮುಗಿಯುತ್ತದೆ, ಉಸಿರು ನಿಲ್ಲುತ್ತಿದೆ, ಎಂದರು ಎಂದ ಅರಿಸ್ತೊಬುಲೊ. ಎಲ್ಲರೂ ತೆಲೆಸ್ಫೊರೊನನ್ನು ನೋಡಿದರು. ನಿನಗೆ ಯಾರು ಹೇಳಿದರು ಎಂದು ಪಾದ್ರಿ ಕೇಳಿದರು.

"ಬೆಂಚು ಖಾಲಿಯಿತ್ತು ಪಾದ್ರಿಗಳೇ," ಎಂದ ಅವನು.

ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಪಾಪ ಇಷ್ಟು ಜನರಲ್ಲಿ ಹಂಚಿಹೋಗಿರುವಾಗ ಒಬ್ಬನ ತಲೆಗೆ ಕಟ್ಟಿದರೆ ಉಳಿದವರು ಹಗುರಾಗುತ್ತಾರೆ ಎಂಬುದು ಹಳೆಯ ನ್ಯಾಯ. ತುಂಹದಲ್ಲಿ ಒಬ್ಬರು ಕನ್ಯಾಸ್ತ್ರೀ ಪುಟ್ಟ ಹಾರ್ಮೋನಿಯಂ ನುಡಿಸುತ್ತಾರೆ, ಏನನ್ನೂ ರಚಿಸುವುದಿಲ್ಲ, ಅವರನ್ನು ಕರೆಸುತ್ತೇನೆ, ತೆಲೆಸ್ಫೊರೊ ಆರ್ಗನ್ನಿನ ಬೀಗದಕೈ ಒಪ್ಪಿಸಲಿ, ಎಂದರು ಪಾದ್ರಿಗಳು. ಅವನು ಜೇಬಿನಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟ. ಅಷ್ಟು ಹೊತ್ತೂ ಚಾಕೊಲೇಟು ಕುಡಿಯುತ್ತಿದ್ದ ದೋನ್ ಕ್ರಿಸಾಂತೊ ಬಟ್ಟಲು ಕೆಳಗಿಟ್ಟರು.

"ಆ ಮೊದಲನೇದು, ಎದುವಿಹಿಸ್ ಮದುವೇದಲ್ವಾ?" ಎಂದು ತೆಲೆಸ್ಫೊರೊನನ್ನು ಕೇಳಿದರು.

ಅವನು ತಲೆ ತಗ್ಗಿಸಿದ.

"ಆ ಮದುವೆಗೂ ನಿಧಾನವಾಗೇ ನುಡಿಸಬೇಕಿತ್ತು. ಹುಡುಗ ಎಂಥವನು ಅಂತ ಮೊದಲೇ ಗೊತ್ತಾಗಿರೋದು." ಆಮೇಲೆ ಪಾದ್ರಿಗಳ ಕಡೆ ತಿರುಗಿದರು. "ನೋಡಿ ಪಾದ್ರಿಗಳೇ, ಇವರು ಭಾಷಣ ಮಾಡಿದ್ರು, ಸುಳ್ಳು. ಇವಳು ಅತ್ಳು, ಸುಳ್ಳು. ಇವನು ಕಿಟಕಿ ಅಳೆದನಂತೆ, ಅದು ನಿಜ, ಆದ್ರೆ ಅದು ನನಗಲ್ಲ. ನನಗೋಸ್ಕರ ಅಂತ ಕೆಲಸ ಮಾಡಿದವನು ಇವನೊಬ್ಬ. ಕೊನೇದು ಚೆನ್ನಾಗಿತ್ತು. ಅದು ನನಗೆ ಬೇಕು."

ಕೊನೆಯದು ಅವರಿಗಾಗಿ ಬರೆದದ್ದಲ್ಲ ಎಂದು ಹೇಳಲು ತೆಲೆಸ್ಫೊರೊ ಬಾಯಿ ತೆರೆದ. ಓತಿಲಿಯ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಜಗತ್ತಿನ ಎಷ್ಟೋ ಕೃತಿಗಳ ಅರ್ಪಣೆ ಹೀಗೇ ನಿರ್ಧಾರವಾಗಿರಬಹುದು.

ದೋನ್ ಕ್ರಿಸಾಂತೊ ಹೇಳಿದ ವ್ಯವಸ್ಥೆ ಇದು. ಆ ಸಂಗೀತ ಅವರ ಸ್ವತ್ತು, ಬೇರೆ ಯಾರಿಗೂ ನುಡಿಸಕೂಡದು. ಸತ್ತ ಮೇಲೆ ನುಡಿಸುತ್ತಾರೆಂಬ ನಂಬಿಕೆ, ವಾರಸುದಾರರ ಮುಖ ನೋಡಿದರೆ, ಅವರಿಗಿಲ್ಲ. ನುಡಿಸಿದರೂ ತಮಗೆ ಕೇಳಿಸುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಜುಲೈಯಲ್ಲಿ, ತಾವು ಬದುಕಿರುವಾಗಲೇ, ತಮ್ಮ ಎದುರಿಗೇ ನಡೆಯಬೇಕು. ಇಗರ್ಜಿಯ ಸೋರುವ ಮಾಡನ್ನು ರಿಪೇರಿ ಮಾಡಿಸಿಕೊಡುತ್ತೇನೆಂದು ಅವರು ಸೇರಿಸಿದ ಮೇಲೆ, ಧರ್ಮಶಾಸ್ತ್ರದಲ್ಲಿ ಇದಕ್ಕೆ ಅಡ್ಡಿಯಿಲ್ಲವೆಂದು ಪಾದ್ರಿಗಳಿಗೆ ಹೊಳೆಯಿತು. ಬೀಗದಕೈಯನ್ನು ತಾವೇ ಮೇಜಿನಾಚೆ ತಳ್ಳಿದರು.

ಹೀಗೆ ತೆಲೆಸ್ಫೊರೊ ಬೊಹೋರ್ಕೆಸ್ ಪ್ರಸಿದ್ಧನಾದ. ಸುತ್ತಲ ಏಳು ಊರಿನ ಸಾಹುಕಾರರಿಗೆ ಹೊಟ್ಟೆಕಿಚ್ಚಾಗಿ, ತಮಗೂ ಜೀವಂತ ಮರಣಪೂಜೆ ಬೇಕೆಂದು ಬಂದರು. ಸತ್ತವರು ತಕರಾರು ಮಾಡುವುದಿಲ್ಲ ಎಂಬ ಒಂದು ಅನುಕೂಲಕ್ಕಾಗಿ ಅವನು ಮರಣಪೂಜೆಯನ್ನು ಆರಿಸಿಕೊಂಡಿದ್ದ. ಈಗ ಬರುವವರೆಲ್ಲ ಬದುಕಿದ್ದರು. ಒಬ್ಬರಿಗೆ ಇನ್ನಷ್ಟು ಕಹಳೆ ಬೇಕು, ಒಬ್ಬರಿಗೆ ನರಕದ ಭಾಗ ತಮ್ಮ ಷಡ್ಡಕನ ಹೆಸರಿನಲ್ಲಿ ಬೇಕು, ಒಬ್ಬ ವಿಧವೆ ತನ್ನ ಪೂಜೆಯಲ್ಲಿ ಕುಣಿಯಲು ಬರುವಂಥದ್ದೊಂದು ಇರಲಿ ಎಂದಳು. ಅವನು ಎಲ್ಲವನ್ನೂ ಬರೆದ. ಹೆಸರು ಒಂಬತ್ತು ಸಲ ಅಚ್ಚಾಯಿತು, ಅದರಲ್ಲಿ ನಾಲ್ಕು ಸಲ ತಪ್ಪಾಗಿ. ಕೊನೆಗೆ ಬಿಷಪ್ಪರಿಂದ ಕಾಗದ ಬಂತು, ಬದುಕಿರುವವರನ್ನು ಸಾಯಿಸುವ ಈ ಪದ್ಧತಿ ನಿಲ್ಲಲಿ ಎಂದು. ಎಲ್ಲವೂ ನಿಂತವು. ದೋನ್ ಕ್ರಿಸಾಂತೊ ಅವರದು ಮಾತ್ರ ನಿಲ್ಲಲಿಲ್ಲ. ಆ ಕಾಗದ ತಲುಪಿಲ್ಲವೆಂದು ಅವರು ಬಿಷಪ್ಪರಿಗೆ ಪ್ರತಿ ವರ್ಷ ಉತ್ತರ ಬರೆಯುತ್ತಿದ್ದರು.

ಹನ್ನೆರಡು ವರ್ಷ ಹೀಗೆ ನಡೆಯಿತು. ಹದಿಮೂರನೆಯ ವರ್ಷ ಮೇ ತಿಂಗಳಲ್ಲಿ, ಎದೆಗೆ ಶೀತ ಇಳಿದು, ತೆಲೆಸ್ಫೊರೊ ಸತ್ತುಹೋದ. ನಾಲ್ಕೇ ದಿನದ ಕಾಯಿಲೆ. ತೊಂಬತ್ತೊಂದರ ದೋನ್ ಕ್ರಿಸಾಂತೊ ಗಟ್ಟಿಮುಟ್ಟಾಗಿದ್ದರು. ಮಣ್ಣಿನ ದಿನ ಬೆಳಿಗ್ಗೆ ಓತಿಲಿಯ ಅವರ ಮನೆಗೆ ಹೋದಳು. ಆ ಸಂಗೀತದ ಪುಸ್ತಕ ಅವರ ಪೆಟ್ಟಿಗೆಯಲ್ಲಿ ಬೀಗದೊಳಗಿತ್ತು. ಒಂದು ಹೊತ್ತಿನ ಮಟ್ಟಿಗೆ ಕೊಡಿ ಎಂದು ಕೇಳಿದಳು.

"ನಾನು ಹೋಗೋದಕ್ಕೆ ಅಂತ ಮಾಡಿಸಿಕೊಂಡಿದ್ದು, ಓತಿಲಿಯ. ಬೇರೆಯವರಿಗೆ ಒಂದ್ಸಲ ಹಾಕಿದ ಬಟ್ಟೆ ಆಗಿಹೋಗುತ್ತಲ್ಲ."

"ನೀವು ಹನ್ನೆರಡು ಸಲ, ಮೊದಲನೇದೂ ಸೇರಿದ್ರೆ ಹದಿಮೂರು ಸಲ ಕೇಳಿದೀರಿ ದೋನ್ ಕ್ರಿಸಾಂತೊ. ಅವರು ಒಂದ್ಸಲಾನೂ ಕೇಳಿಲ್ಲ. ನುಡಿಸೋ ಗಡಿಬಿಡೀಲಿ ಎಲ್ಲಿ ಕೇಳೋದು? ಇವತ್ತೊಂದಿನ ಮಲಗಿಕೊಂಡು ಕೇಳ್ಲಿ."

ಅವರು ಎದ್ದು ಪೆಟ್ಟಿಗೆಯ ಬೀಗ ತೆಗೆದರು.

ತುಂಹದಿಂದ ಬಂದ ಕನ್ಯಾಸ್ತ್ರೀ ಆರ್ಗನ್ ಮುಂದೆ ಕೂತರು, ಓತಿಲಿಯ ಪಕ್ಕದಲ್ಲಿ ನಿಂತು ತಿದಿ ಒತ್ತುತ್ತಲೇ ಮೂಕ ಕೀಲಿಗಳನ್ನು ಬೆರಳಿನಿಂದ ತೋರಿಸಿದಳು. ಇಗರ್ಜಿ ಅರ್ಧ ತುಂಬಿತ್ತು, ಅರ್ಧ ಖಾಲಿಯಿತ್ತು. ಸಂತೆಯ ದಿನವಾದ್ದರಿಂದ ಹಲವರು ಎದ್ದುಹೋಗುವ ಅವಸರದಲ್ಲಿದ್ದರು, ಪಾದ್ರಿಗಳೂ ಹೊತ್ತು ನೋಡಿಕೊಳ್ಳುತ್ತಿದ್ದರು. ಅದು ಗೊತ್ತಾಗಿಯೋ ಏನೋ, ಕನ್ಯಾಸ್ತ್ರೀ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಸ್ವಲ್ಪ ಬೇಗಬೇಗ ನುಡಿಸತೊಡಗಿದರು. ಮೊದಲ ಬೆಂಚಿನಿಂದ ದೋನ್ ಕ್ರಿಸಾಂತೊ ಊರುಗೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟಿದರು. ಸಂಗೀತ ನಿಂತಿತು.

"ನಿಧಾನ ತಾಯಿ, ನಿಧಾನ," ಎಂದರು ಅವರು, ತೆಲೆಸ್ಫೊರೊ ಮಲಗಿದ್ದ ಪೆಟ್ಟಿಗೆಯ ಕಡೆಗೊಮ್ಮೆ ನೋಡಿ. "ನಮಗಿಬ್ಬರಿಗೂ ಏನೂ ಅವಸರ ಇಲ್ಲ."